ಮನೆಗೊಂದು ಆಳಿನ ಶಾಲೆ

ಎರಿಹಾಳದ ಹೆಣ್ಣುಮಕ್ಕಳ ಶಾಲೆಯನ್ನು ವಿಜಾಪುರದ ಶಾಲಾ ಬೋರ್ಡಿನವರು ಒಂದು ವರ್ಷದ ಮಟ್ಟಿಗೆ ಮಾತ್ರ ಮಂಜೂರು ಮಾಡಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ಅದು. ಬಬಲೇಶ್ವರದಿಂದ ನಿಡೋಣಿಯ ಕಡೆಗೆ ಹೋಗುವ ಬಂಡಿದಾರಿಯಿಂದ ಸ್ವಲ್ಪ ಒಳಗೆ ಸರಿದ ಸಣ್ಣ ಊರು. ಹಳೆಯ ಚಾವಡಿಯ ಒಂದೇ ಕೋಣೆ, ಒಂದು ಕರಿಹಲಗೆ, ಒಬ್ಬಳೇ ಶಿಕ್ಷಕಿ. ಆ ಶಿಕ್ಷಕಿ ನಾನು, ನೀಲಾಬಾಯಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಎಂಟೋ ಹತ್ತೋ ಹುಡುಗಿಯರು ಬಂದಿದ್ದರು. ಸಂಕ್ರಾಂತಿ ಬಂದರೂ ಅಷ್ಟೇ ಜನ ಇದ್ದರು.

ಸಂಕ್ರಾಂತಿಯ ಮುಂದೆ ವಿಜಾಪುರದಿಂದ ಒಂದು ಕಾಗದ ಬಂತು. ಪಾಲಕರಿಗೆ ತಿಳಿಸಬೇಕಾದ ನಿಯಮಗಳು ಅದರಲ್ಲಿದ್ದವು. ಆರು ವರ್ಷ ತುಂಬಿದ ಪ್ರತಿಯೊಬ್ಬ ಹುಡುಗಿಯನ್ನೂ ಪ್ರತಿದಿನ ಶಾಲೆಗೆ ಕಳಿಸಬೇಕು. ಹನ್ನೊಂದು ಗಂಟೆಗೆ ಸರಿಯಾಗಿ ಬರಬೇಕು. ತಲೆ ಬಾಚಿ, ಉಗುರು ತೆಗೆದು ಕಳಿಸಬೇಕು. ಕಂಕುಳಲ್ಲಿ ಕೂಸು ಹೊತ್ತುಕೊಂಡು ಬರಕೂಡದು. ಕೊನೆಯ ಸಾಲು ಪಾಲಕರಿಗಲ್ಲ, ನನಗೆ: ಫೆಬ್ರವರಿ ತಿಂಗಳ ಸರಾಸರಿ ಹಾಜರಿ ಮೂವತ್ತು ಮುಟ್ಟದಿದ್ದರೆ ಶಾಲೆಯನ್ನು ಮುಚ್ಚಲಾಗುವುದು. ಶಾಲೆಗಳ ತಪಾಸಣೆ ಮಾಡುವ ಡೆಪ್ಯುಟಿ ಸಾಹೇಬರು ಮಾರ್ಚಿಯಲ್ಲಿ ಬಂದು ನೋಡುವರು.

ನಾನು ಹಗಲಿನ ಶಾಲೆಗೆ ಹೋದವಳಲ್ಲ. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮಣ್ಣನ ಅಂಗಡಿ ಇತ್ತು. ಅದರ ಮಾಳಿಗೆಯ ಮೇಲೆ ಹೆಂಗಸರಿಗಾಗಿ ಸಂಜೆ ಹೊತ್ತು ನಡೆಯುತ್ತಿದ್ದ ವರ್ಗದಲ್ಲಿ ಅಕ್ಷರ ಕಲಿತು, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಕಟ್ಟಿ ಪಾಸಾದವಳು. ಟ್ರೇನಿಂಗ್ ಆಗಿರಲಿಲ್ಲ. ಆದ್ದರಿಂದ ಸರಕಾರದ ಕಾಗದ ಬಂದರೆ ಒಂದೊಂದು ಸಾಲನ್ನೂ ತಿರುತಿರುಗಿ ಓದುತ್ತಿದ್ದೆ. ಓದಿದ ಮೇಲೂ ಸರಿಯಾಗಿ ತಿಳಿದುಕೊಂಡೆನೋ ಇಲ್ಲವೋ ಎಂಬ ಅಳುಕು ಉಳಿಯುತ್ತಿತ್ತು. ಆದರೆ ಈ ಕೊನೆಯ ಸಾಲು ಒಂದೇ ಓದಿಗೆ ತಿಳಿಯಿತು. ಹತ್ತು ಎಲ್ಲಿ, ಮೂವತ್ತು ಎಲ್ಲಿ!

ಶಾಲೆಯ ಕಮಿಟಿಗೆ ಊರ ಗೌಡ ಬಸಗೊಂಡಪ್ಪನವರೇ ಅಧ್ಯಕ್ಷರು. ಅವರ ಕಟ್ಟೆಯ ಮುಂದೆ ನಿಂತು ಇಡೀ ಕಾಗದವನ್ನು ಓದಿ ಹೇಳಿದೆ. ಗೌಡರು ಎಲೆ ಅಡಿಕೆ ಜಗಿಯುತ್ತಾ ಕೇಳಿದರು.

"ಇಷ್ಟ ಹೌದಿಲ್ಲೋ? ನೀವೇನೂ ಚಿಂತಿ ಮಾಡಬ್ಯಾಡ್ರಿ ಅಕ್ಕೋರ. ಡಂಗುರ ಸಾರಸ್ತೇನಿ. ನಾ ಡಂಗುರ ಸಾರಿಸಿದ ಮ್ಯಾಲೆ ಈ ಊರಾಗ ಮನ್ಯಾಗ ಕೂತಾಂವ ಯಾಂವದಾನ?"

ಅವರು ತಳವಾರ ಹಣಮಂತನನ್ನು ಕೂಗಿದರು. ನಾನು ಸೀಮೆಸುಣ್ಣ ತರಲು ಬಬಲೇಶ್ವರಕ್ಕೆ ಹೋದೆ. ಹಣಮಂತ ಹಲಗೆ ಬಡಿದು ಏನು ಸಾರಿದನೆಂದು ನನ್ನ ಕಿವಿಗೆ ಬೀಳಲಿಲ್ಲ.

ಮರುದಿನ ಬಾಗಿಲು ತೆರೆಯುವುದಕ್ಕೆ ಮೊದಲೇ ಚಾವಡಿಯ ಮೆಟ್ಟಿಲ ಮೇಲೆ ಹುಡುಗಿಯರು ತುಂಬಿದ್ದರು. ಎಣ್ಣೆ ಹಚ್ಚಿ ಬಾಚಿದ ತಲೆಗಳು, ಹೊಸದಾಗಿ ತೆಗೆದ ಉಗುರುಗಳು. ಒಬ್ಬಳ ಕಂಕುಳಲ್ಲೂ ಕೂಸಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಮಂದಿ! ನಾನು ಹೆಸರು ಕೇಳಿ ಹಾಜರಿ ಪುಸ್ತಕದಲ್ಲಿ ಸಂತೋಷದಿಂದ ಬರೆದುಕೊಂಡೆ. ಇನ್ನೊಂದೆರಡು ವಾರದಲ್ಲಿ ಉಳಿದವರೂ ಬಂದಾರು ಎಂದು ಧೈರ್ಯ ತಂದುಕೊಂಡೆ.

ಮರುದಿನವೇ ಆ ಧೈರ್ಯ ಅಲುಗಾಡಿತು. ಮೊದಲ ದಿನ ಲಕ್ಕವ್ವನ ಮಗಳು ಗುರುಬಾಯಿಗೆ ಅವಳ ಹೆಸರಿನ ಮೊದಲ ಅಕ್ಷರ ತಿದ್ದಿಸಿದ್ದೆ. ಉದ್ದ ಜಡೆಯ ಹುಡುಗಿ. ಮರುದಿನ ಗುರುಬಾಯಿ ಎಂದು ಕರೆದಾಗ ಅದೇ ಜಾಗದಲ್ಲಿ ಕೂತಿದ್ದ ಗಿಡ್ಡ ಹುಡುಗಿಯೊಬ್ಬಳು "ಹಾಜರ್ ರೀ" ಎಂದಳು.

"ನೀ ಗುರುಬಾಯಿ ಏನ?"

"ಹೌದ್ರಿ ಅಕ್ಕೋರ."

"ಮತ್ತ ನಿನ್ನೆ ಬಂದಿದ್ದಾಕಿ?"

"ಆಕಿನೂ ಗುರುಬಾಯಿನ ರೀ."

"ಇಬ್ಬರಿಗೂ ಒಂದ ಹೆಸರು?"

"ಸಾಲ್ಯಾಗಷ್ಟ ರೀ. ಮನ್ಯಾಗ ನಾ ಲಗಮವ್ವ."

ಹುಡುಗಿಯರು ಯಾರೂ ನಗಲಿಲ್ಲ. ನಗುವಂಥದ್ದು ಅದರಲ್ಲಿ ಏನೂ ಇಲ್ಲ ಎಂಬ ಹಾಗೆ ಕೂತಿದ್ದರು. ನಾನು ಗಾಬರಿಯಿಂದ ಎದ್ದು ಒಬ್ಬೊಬ್ಬಳನ್ನೂ ಕೇಳುತ್ತಾ ಹೋದೆ. ಚಾಂದಬಿಯ ಮಗಳು ರಾಜಬಿಯ ಜಾಗದಲ್ಲಿ ಅವಳ ತಂಗಿ ಬಾನುಬಿ ಇದ್ದಳು. "ರಾಜಬಿ ಇವತ್ತ ಆಡು ಹೊಡಕೊಂಡು ಹೋಗ್ಯಾಳ್ರಿ, ನಾಳಿ ಆಕಿ ಬರತಾಳ, ನಾ ಆಡಿಗೆ ಹೋಗತೇನಿ" ಎಂದಳು. ಗೌಡರ ಮೊಮ್ಮಗಳು ಅಕ್ಕನಾಗಮ್ಮ ಎಂದು ಬರೆಸಿದ್ದ ಹುಡುಗಿಯಂತೂ ಗೌಡರ ಮನೆತನಕ್ಕೆ ಸೇರಿದವಳೇ ಅಲ್ಲ.

"ನಾ ಪರಸವ್ವ ರೀ. ನಮ್ಮವ್ವ ಗೌಡ್ರ ಮನ್ಯಾಗ ಹೆಂಡಿಕಸ ಮಾಡತಾಳ. ಗೌಡ್ರ ಮನಿ ಪಾಳಿಗೆ ನನ್ನ ಕಳಿಸ್ಯಾರ."

"ಪಾಳಿ ಅಂದ್ರ?"

ಪರಸವ್ವ ನನ್ನನ್ನು ಕನಿಕರದಿಂದ ನೋಡಿದಳು. "ಮನಿಗೊಂದು ಆಳು ಅಂತ ಡಂಗುರ ಆಗೇತಲ್ರಿ ಅಕ್ಕೋರ."

ಆಗ ತಿಳಿಯಿತು. ಕೆರೆಯ ಹೂಳು ತೆಗೆಯಬೇಕಾದಾಗ, ಬಂಡಿದಾರಿ ಸರಿಮಾಡಬೇಕಾದಾಗ ಎರಿಹಾಳದಲ್ಲಿ ಹಾಗೇ ಸಾರುತ್ತಿದ್ದರು. ಪ್ರತಿ ಮನೆಯಿಂದ ಒಂದು ಆಳು ಬರಬೇಕು. ಇವತ್ತು ಅಣ್ಣ ಬರಲಿ, ನಾಳೆ ತಮ್ಮ ಬರಲಿ, ಉಳ್ಳವರು ಬೇಕಾದರೆ ಮನೆಯ ಕೂಲಿಯವನನ್ನು ಕಳಿಸಲಿ. ಮನೆಯ ಲೆಕ್ಕ ಮುಗಿಯಿತು. ಗೌಡರಿಗೆ ಗೊತ್ತಿದ್ದ ಡಂಗುರ ಅದೊಂದೇ. ಶಾಲೆಗೂ ಅದನ್ನೇ ಸಾರಿಸಿದ್ದರು. ಊರಿನವರು ಚಾಚೂ ತಪ್ಪದೆ ಪಾಲಿಸಿದ್ದರು.

ಸಂಜೆ ಗೌಡರ ಕಟ್ಟೆಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಮಾತು ಶುರುಮಾಡಲಿ ಎಂದು ಮನಸ್ಸಿನಲ್ಲೇ ಕೂಡಿಸುತ್ತಿದ್ದೆ. ಅಲ್ಲಿಗೆ ಹೋದ ಮೇಲೆ ಅದೆಲ್ಲ ಮರೆತುಹೋಯಿತು.

"ಗೌಡ್ರ, ದಿನಾ ಒಬ್ಬಾಕಿನ ಬರಬೇಕ್ರಿ. ಇವತ್ತೊಬ್ಬಾಕಿ ನಾಳಿಗೊಬ್ಬಾಕಿ ಬಂದ್ರ ನಡಿಯೂದಿಲ್ಲ."

"ಯಾಕ ನಡಿಯೂದಿಲ್ಲ? ಹೂಳ ತಗಿಯಾಕ ಹಂಗ ಬರತಾರ. ಬುಟ್ಟಿ ಯಾರ ಹೊತ್ತ್ರಂತ ಹೂಳು ಕೇಳತೈತೇನು?"

"ಓದು ಹೂಳಲ್ಲರಿ. ಅಣ್ಣ ಹೊತ್ತ ಬುಟ್ಟಿ ತಮ್ಮನ ಲೆಕ್ಕಕ್ಕ ಬರಬಹುದು. ಅಕ್ಕ ಕಲ್ತ ಅಕ್ಷರ ತಂಗಿ ತಲ್ಯಾಗ ಹ್ಯಾಂಗ ಹೋಗತೈತ್ರಿ?"

"ಅದು ನಿಮ್ಮ ಕೆಲಸ. ಪಗಾರ ಯಾತಕ್ಕ ಕೊಡತಾರ ನಿಮಗ?"

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನಕ್ಕರು. ಆದರೂ ಇನ್ನೊಂದು ಸಲ ಬೇರೆ ರೀತಿ ಸಾರಿಸಿರೆಂದು ಕೇಳಿಕೊಂಡೆ. ಗೌಡರ ನಗು ನಿಂತಿತು.

"ನಮ್ಮಪ್ಪನ ಕಾಲದಿಂದ ಈ ಕಟ್ಟಿ ಮ್ಯಾಲಿನ ಡಂಗುರ ಒಮ್ಮೆರೆ ತಿರುಗಿಲ್ಲ. ನಿನ್ನಿ ಸಾರಿದ್ದು ತಪ್ಪಂತ ಇವತ್ತ ಹಲಗಿ ಬಡಿಸಿದ್ರ ನಾಳಿ ಯಾಂವ ಕಿವಿ ಕೊಡತಾನ? ಆಳು ಬಂದಾವ, ಹಾಜರಿ ಬರೀರಿ. ಮುಗೀತು."

ಹಾಗೆ ಬರೆದಿದ್ದರೆ ನನಗೆ ಸುಲಭವಿತ್ತು. ಗುರುಬಾಯಿಯ ಹೆಸರಿನ ಮುಂದೆ ದಿನವೂ ಹಾಜರಿ ಹಾಕಬಹುದಿತ್ತು, ಬಂದವಳು ಯಾರೇ ಇರಲಿ. ಆದರೆ ಬಾರದವಳನ್ನು ಬಂದಳೆಂದು ಬರೆಯಲು ನನ್ನ ಕೈ ಏಳಲಿಲ್ಲ. ಮರುದಿನದಿಂದ ಬಂದವಳನ್ನು ಅವಳ ಹೆಸರಿನಲ್ಲೇ ಬರೆದೆ. ಲಗಮವ್ವ, ಬಾನುಬಿ, ಪರಸವ್ವ ಎಂದು ಹೊಸ ಹೆಸರುಗಳು ಸೇರಿದವು. ಬಾರದ ಅಕ್ಕಂದಿರ ಮುಂದೆ ಗೈರುಹಾಜರಿ ಹಾಕಿದೆ.

ಅದು ಊರಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಲಕ್ಕವ್ವ ಹೊಲದಿಂದ ನೆಟ್ಟಗೆ ಶಾಲೆಯ ಬಾಗಿಲಿಗೆ ಬಂದಳು. ಉಡಿಯಲ್ಲಿ ಬಿಡಿಸಿದ ಹತ್ತಿ ಹಾಗೇ ಇತ್ತು, ಬಗಲಲ್ಲಿ ವರ್ಷದ ಗಂಡುಕೂಸು.

"ಏನ್ರಿ ಅಕ್ಕೋರ, ನಮ್ಮ ಗುರುಬಾಯಿ ಬಂದಿಲ್ಲಂತ ಬರದೀರಂತ? ನಮ್ಮ ಮನಿ ಆಳು ಒಂದಿನಾರೆ ತಪ್ಪೈತೇನ? ಹೇಳ್ರಿ!"

"ಲಗಮವ್ವ ಬಂದಿದ್ದಳವ್ವಾ, ಆಕಿ ಹೆಸರು ಬರದೇನಿ. ಲಗಮವ್ವಗ ಕಲಿಸಿದ್ದು ಗುರುಬಾಯಿಗೆ ಬರೂದಿಲ್ಲಲ್ಲ."

"ಯಾಕ ಬರೂದಿಲ್ಲ? ಗುರುಬಾಯೀ, ಬಾ ಬೇ ಇಲ್ಲೆ!"

ಓಣಿಯ ತಿರುವಿನಲ್ಲಿ ನಿಂತಿದ್ದ ಉದ್ದ ಜಡೆಯ ಹುಡುಗಿ ಓಡಿ ಬಂದಳು. ಹಿಂದಿನ ದಿನ ಲಗಮವ್ವನಿಗೆ ಕಲಿಸಿದ್ದನ್ನು ಬರೆ ಎಂದೆ. ಅವಳು ಕುಕ್ಕುರುಗಾಲಲ್ಲಿ ಕೂತು ಮೆಟ್ಟಿಲ ಧೂಳಿನಲ್ಲಿ ಬೆರಳಿಂದ ಬರೆದಳು. ಒಂದೂ ತಪ್ಪಿರಲಿಲ್ಲ. ಅದಕ್ಕೂ ಹಿಂದೆ ಲಗಮವ್ವನಿಗೆ ಹೇಳಿದ್ದ ಪಾಠ ಕೇಳಿದೆ. ಅದನ್ನೂ ಬರೆದಳು.

"ನಿನಗ ಯಾರ ಹೇಳಿಕೊಟ್ರು?"

"ಮುಂಜಾನೆ ಬೀಸಾಕ ಕುಂಡ್ರತೇವಲ್ರಿ, ಆವಾಗ ಲಗಮಿ ಹಿಟ್ಟಿನ್ಯಾಗ ಬರದು ತೋರಿಸ್ತಾಳ. ತೋರಿಸ್ಲಿಲ್ಲಂದ್ರ ಮರದಿನ ನನ್ನ ಪಾಳಿಗೆ ನಾ ಏನ ಹೇಳಬೇಕ್ರಿ? ಮನಿ ಮಾನ ಹೋಗತೈತಿ."

ಉಳಿದ ಮನೆಗಳಲ್ಲೂ ವಿಚಾರಿಸಿದೆ. ಎಲ್ಲ ಕಡೆಯೂ ಹಾಗೇ. ರಾಜಬಿ ಆಡು ಕಾಯುತ್ತ ಬಂಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದಳು. ನಾನು ಒಬ್ಬಳಿಗೆ ಕಲಿಸಿದರೆ ಊರಲ್ಲಿ ಇಬ್ಬರು ಕಲಿಯುತ್ತಿದ್ದರು. ನಾನು ಕಲಿಸಿದ್ದು ಇಷ್ಟು ದೂರ ಹೋಗುತ್ತಿದೆ ಎಂದು ನನಗೇ ಗೊತ್ತಿರಲಿಲ್ಲ.

ಆದರೆ ಬೋರ್ಡಿನವರ ನಿಯಮ ದಿನದಿನ ಬಂದು ಕೂತವರನ್ನು ಎಣಿಸುತ್ತಿತ್ತು. ಮನೆಗೊಬ್ಬಳೇ ಬಂದರೆ ಇಪ್ಪತ್ತರ ಮೇಲೆ ನಾಲ್ಕೈದು, ಅಷ್ಟೇ. ಇದನ್ನು ಲಕ್ಕವ್ವನಿಗೆ ಬಿಡಿಸಿ ಹೇಳಿದೆ. ಫೆಬ್ರವರಿಯಲ್ಲಿ ಮೂವತ್ತು ಆಗದಿದ್ದರೆ ಶಾಲೆಗೆ ಬೀಗ ಬೀಳುತ್ತದೆ ಎಂದೆ. ಅವಳ ಸಿಟ್ಟು ಇಳಿಯಿತು.

"ಮುಚ್ಚತಾರ? ಹಂಗ್ಯಾಕ ಮುಚ್ಚತಾರ್ರಿ? ಮೊನ್ನಿ ತಿಕೋಟಾ ಸಂತ್ಯಾಗ ನಮ್ಮ ಗುರುಬಾಯಿ ಅಂಗಡಿ ಮ್ಯಾಲಿಂದು ನಾಕ ಅಕ್ಷರ ಓದಿದ್ಲು. ಬಳಿಗಾರ ಬಳಿ ತೊಡಸೂದ ಬಿಟ್ಟು ಆಕಿನ್ನ ನೋಡಿದ. ನಮ್ಮ ಮನ್ಯಾಗ ಇಂಥಾದ್ದು ಯಾರೂ ಮಾಡಿಲ್ಲ."

"ಹಂಗಾರ ಇಬ್ಬರನೂ ಕಳಸ್ರಿ."

"ಇಬ್ಬರನೂ ಕಳಸಿದ್ರ ಈ ಹುಡುಗನ್ನ ಯಾರ ಹಿಡೀಬೇಕು? ಹೊಲಕ್ಕ ಒಯ್ದರ ಬಿಸಲು. ಸಾಲಿಗೆ ತಂದ್ರ, ತರಬ್ಯಾಡ ಅಂತ ನೀವ ಬರದೀರಿ."

"ನಾ ಬರದಿಲ್ಲವ್ವಾ, ಬೋರ್ಡಿನವ್ರು ಬರದಾರ."

"ಬೋರ್ಡಿನವ್ರಿಗೆ ಕೂಸಿಲ್ಲೇನು?"

ಲಕ್ಕವ್ವ ಮಾತ್ರವಲ್ಲ, ಎಲ್ಲ ಮನೆಗಳಲ್ಲೂ ಅಡಚಣೆ ಅದೊಂದೇ. ದೊಡ್ಡವಳು ಶಾಲೆಗೆ ಬಂದರೆ ಸಣ್ಣವಳು ಕೂಸು ಆಡಿಸಬೇಕು, ಸಣ್ಣವಳು ಬಂದರೆ ದೊಡ್ಡವಳು. ಕೂಸು ತರಬಾರದೆಂಬ ನಿಯಮವನ್ನು ಸಡಿಲಿಸೋಣವೆಂದರೆ, ಹತ್ತು ಕೂಸು ಅಳುವ ಕೋಣೆಯಲ್ಲಿ ಪಾಠ ನಡೆಯುವುದಾದರೂ ಹೇಗೆ? ಸಾಹೇಬರು ಬಂದು ನೋಡಿದರೆ ಅದಕ್ಕೂ ನಾನೇ ಹೊಣೆ.

ಆ ಭಾನುವಾರ ಸುಮ್ಮನೆ ಕೂಡಲಾಗದೆ ಹೊಲದ ಕಡೆ ಹೋದೆ. ಚಾಂದಬಿಯ ಹೊಲದಲ್ಲಿ ಹೆಂಗಸರು ಸಾಲುಹಿಡಿದು ಹತ್ತಿ ಬಿಡಿಸುತ್ತಿದ್ದರು. ಲಕ್ಕವ್ವನೂ ಇದ್ದಳು. ಚಾಂದಬಿಯ ಅತ್ತೆ ಪೀರಾಂಬಿ ಬದುವಿನ ಮೇಲೆ ಕೂತು ಹತ್ತಿಯಲ್ಲಿದ್ದ ಕಸ ಆರಿಸುತ್ತಿದ್ದಳು.

"ನಿನ್ನ ಹತ್ತಿ ಬಿಟ್ಟು ಇಲ್ಲಿ ಕೂಲಿಗೆ ಬಂದೀ ಏನು ಲಕ್ಕವ್ವಾ?" ಎಂದು ಕೇಳಿದೆ.

ಹೆಂಗಸರೆಲ್ಲ ನಕ್ಕರು. "ಪ್ಯಾಟಿಯವರಿಗೆ ಏನ ಗೊತ್ತ?" ಎಂದಳು ಚಾಂದಬಿ. "ಕೂಲಿ ಅಲ್ರಿ ಅಕ್ಕೋರ, ಮುಯ್ಯಿ. ಇವತ್ತ ಇವ್ರೆಲ್ಲಾ ನನ್ನ ಹೊಲಕ್ಕ ಬಂದಾರ. ನಾಳಿ ನಾವೆಲ್ಲಾ ಲಕ್ಕವ್ವನ ಹೊಲಕ್ಕ. ನಾಡದು ಮತ್ತೊಬ್ಬರ ಹೊಲಕ್ಕ. ಯಾರಿಗೂ ಯಾರೂ ರೊಕ್ಕ ಕೊಡೂದಿಲ್ಲ, ಎಲ್ಲಾರ ಹತ್ತಿನೂ ಮನಿ ಸೇರತೈತಿ."

ಅಷ್ಟರಲ್ಲಿ ಬದುವಿನಾಚೆ ಲಕ್ಕವ್ವನ ಕೂಸು ಅಳತೊಡಗಿತು. ಅದನ್ನು ನೋಡಿಕೊಂಡಿದ್ದ ಲಗಮವ್ವ ಎತ್ತಿಕೊಂಡು ಸುಮ್ಮನಾಗಿಸಲು ನೋಡಿದಳು. ಲಕ್ಕವ್ವ ಕೈಯಲ್ಲಿದ್ದ ಹತ್ತಿಯನ್ನು ಉಡಿಗೆ ಹಾಕದೆ ಹಾಗೇ ನಿಂತಳು.

"ಯವ್ವಾ, ಹತ್ತಿಗೆ ಮುಯ್ಯಿ ಐತಿ. ಕಸಾ ತಗಿಯಾಕ ಮುಯ್ಯಿ ಐತಿ. ಕೂಸಿಗೆ ಯಾಕ ಇಲ್ಲಬೇ?"

"ಕೂಸಿಗೆ ಮುಯ್ಯಿ ಅಂದ್ರ?" ಎಂದಳು ಚಾಂದಬಿ.

"ದಿನಾ ನಮ್ಮೊಳಗ ಒಬ್ಬಾಕಿ ಊರಾಗ ಉಳೀಬೇಕು. ಎಲ್ಲಾರ ಕೂಸುಗಳ್ನೂ ಆಕಿನ ಹಿಡೀಬೇಕು. ಆಕಿ ಸಾಲು ಉಳದವ್ರು ಬಿಡಸಬೇಕು. ಮರದಿನ ಮತ್ತೊಬ್ಬಾಕಿ."

ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಯಾರ ಮನೆಯಲ್ಲಿ? ಯಾರ ನೀರು? ನನ್ನ ಕೂಸು ಅವಳ ಬಳಿ ಇರುವುದಿಲ್ಲ, ಅವಳ ಕೂಸಿಗೆ ಕೆಮ್ಮು. ಜಗಳವೇ ಆದೀತೆಂದು ನನಗೆ ಭಯವಾಯಿತು. ಪೀರಾಂಬಿ ಬದುವಿನ ಮೇಲಿಂದಲೇ ದನಿ ಎತ್ತಿದಳು.

"ನಮ್ಮ ಪಡಸಾಲಿ ಖಾಲಿ ಬಿದ್ದೈತಿ. ತೊಲಿ ಗಟ್ಟಿ ಅದಾವ, ಎಷ್ಟ ತೊಟ್ಟಲಾ ಬೇಕಾದ್ರೂ ಕಟ್ರಿ. ರೊಟ್ಟಿ ನಿಮ್ಮ ನಿಮ್ಮ ಮನೀವು ತರ್ರಿ, ನೀರಿನ ತಂಬಿಗಿ ನಿಮ್ಮ ನಿಮ್ಮವು ಇಡ್ರಿ. ಅಳೂದಷ್ಟ ಎಲ್ಲಾ ಕೂಸಿಂದೂ ಒಂದ ನಮೂನಿ ಐತಿ, ಅದಕ್ಕ ಜಗಳಾಡಬ್ಯಾಡ್ರಿ."

ಹೊಲವೆಲ್ಲ ನಗೆಯಾಯಿತು. ಅಲ್ಲಿಗೆ ಮಾತು ಮುಗಿಯಿತು.

ಫೆಬ್ರವರಿಯ ಮೊದಲ ದಿನ ಪೀರಾಂಬಿಯ ಪಡಸಾಲೆಯ ತೊಲೆಗಳಿಗೆ ಹಳೆಯ ಸೀರೆಗಳು ಸಾಲಾಗಿ ಜೋತುಬಿದ್ದವು. ಮೊದಲ ಪಾಳಿ ಲಕ್ಕವ್ವನದೇ. ಹನ್ನೊಂದು ಗಂಟೆಗೆ ಗುರುಬಾಯಿ, ಲಗಮವ್ವ ಇಬ್ಬರೂ ಕೈ ಹಿಡಿದುಕೊಂಡು ಚಾವಡಿಯ ಮೆಟ್ಟಿಲು ಹತ್ತಿದರು. ಹಿಂದೆ ರಾಜಬಿ, ಬಾನುಬಿ. ಅವರ ಆಡುಗಳನ್ನು ಪಕ್ಕದ ಮನೆಯ ಮುದುಕ ತನ್ನ ಆಡುಗಳ ಜೊತೆ ಹೊಡೆದುಕೊಂಡು ಹೋಗಿದ್ದ. ನಾನು ಹೆಸರು ಕೂಗಿದೆ. ಗುರುಬಾಯಿ ಎಂದಾಗ ಗುರುಬಾಯಿಯೇ ಎದ್ದು ನಿಂತಳು. ಆ ದಿನ ಮೂವತ್ತು ದಾಟಿತು. ಎಣಿಸಿದ್ದು ತಪ್ಪಿರಬಹುದೆಂದು ಮತ್ತೆ ಎಣಿಸಿದೆ. ದಾಟಿತ್ತು. ಹುಡುಗಿಯರಿಗೆ ಏಕೆಂದು ಹೇಳದೆ ಅರ್ಧ ಗಂಟೆ ಮೊದಲೇ ಆಟಕ್ಕೆ ಬಿಟ್ಟೆ.

ತಿಂಗಳ ನಡುವೆ ಒಂದು ದಿನ ಎಲ್ಲ ಕೆಡುವುದರಲ್ಲಿತ್ತು. ಪಾಳಿಯ ಹೆಂಗಸು ಸಾರವಾಡದ ತವರಿಂದ ಕರೆ ಬಂತೆಂದು ಯಾರಿಗೂ ಹೇಳದೆ ಹೊರಟುಹೋದಳು. ಪೀರಾಂಬಿಗೆ ಆ ದಿನ ಜ್ವರ. ಅಷ್ಟೂ ಕೂಸುಗಳು ಒಮ್ಮೆಗೇ ಅಳುವುದು ಚಾವಡಿಯವರೆಗೆ ಕೇಳಿಸಿತು. ಅಕ್ಕಂದಿರೆಲ್ಲ ಪಾಟಿ ಬಿಟ್ಟು ಎದ್ದು ನಿಂತರು. ನಾನೂ ಅವರ ಹಿಂದೆ ಓಡಿದೆ.

ನಾವು ಹೋಗಿ ನೋಡಿದರೆ ಪಡಸಾಲೆಯಲ್ಲಿ ಗೌಡತಿ ಇದ್ದರು. ಅವರ ಮನೆಯ ಹಿತ್ತಲಿಗೆ ಹೊಂದಿಯೇ ಪೀರಾಂಬಿಯ ಮನೆ. ಗದ್ದಲಕ್ಕೆ ಬೈಯಲು ಬಂದವರು ಒಂದು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು, ಇನ್ನೆರಡು ತೊಟ್ಟಿಲಿನ ಹಗ್ಗಗಳನ್ನು ಎರಡೂ ಕೈಯಲ್ಲಿ ಹಿಡಿದು ತೂಗುತ್ತಿದ್ದರು.

"ಏನ ನೋಡಾಕತ್ತೀರಿ ಎಲ್ಲಾರೂ? ಸಾಲಿ ಬಿಟ್ಟು ಬಂದೀರೇನು? ನಡೀರಿ ಅತ್ತ!" ಎಂದು ನಮ್ಮನ್ನೇ ಗದರಿಸಿದರು.

ಸಂಜೆ ಹೆಂಗಸರು ಹೊಲದಿಂದ ಬರುವವರೆಗೂ ಅವರು ಅಲ್ಲೇ ಇದ್ದರು. ಲಕ್ಕವ್ವ ಕೈಮುಗಿದಳು.

"ಅವ್ವಾರ, ನಿಮ್ಮ ಉಪಕಾರ ಹ್ಯಾಂಗ ತೀರಿಸೂಣ್ರಿ?"

"ಉಪಕಾರ ಏನ ಬಂತಲೇ? ಮುಯ್ಯಿ ಮಾಡೇನಿ, ಮುಯ್ಯಿ ತೀರಸ್ರಿ."

"ನಿಮ್ಮ ಹತ್ತಿ ಬಿಡಸಾಕ ಆಳು ಅದಾವಲ್ರಿ ಅವ್ವಾರ."

"ಹತ್ತಿ ಯಾರಿಗೆ ಬೇಕು? ನಮ್ಮ ಅಕ್ಕನಾಗಮ್ಮ ಪರಸವ್ವನ ಕಡಿಂದ ಅಕ್ಷರ ಕಲ್ತಾಳ, ದಿನಾ ಕಿಡಕ್ಯಾಗ ನಿಂತು ನಿಮ್ಮ ಹುಡುಗ್ಯಾರು ಹೋಗೂದು ನೋಡತಾಳ. ಗೌಡ್ರು, ನಮ್ಮ ಮನಿ ಹುಡುಗಿ ಚಾವಡ್ಯಾಗ ಕುಂಡ್ರೂದಿಲ್ಲ ಅಂತಾರ. ನಾಳಿಂದ ಹಿತ್ತಲ ಬಾಗಲಿಗೆ ಬಂದು ನಿಮ್ಮ ಹುಡುಗ್ಯಾರ ಜೋಡಿ ಆಕಿನ್ನ ಕರಕೊಂಡ ಹೋಗ್ರಿ, ಕರಕೊಂಡ ಬರ್ರಿ. ಅವ್ರು ಮಧ್ಯಾಹ್ನ ಹೊಲದಾಗ ಇರತಾರ. ನಿಮ್ಮ ಮುಯ್ಯಿ ಅಲ್ಲಿಗೆ ತೀರತೈತಿ."

ಮರುದಿನದಿಂದ ಅಕ್ಕನಾಗಮ್ಮ ಪರಸವ್ವನ ಪಕ್ಕ ಕೂತಳು. ನಾನು ಅವಳ ಹೆಸರನ್ನು ಉ‌ಳಿದವರ ಹಾಗೇ ಬರೆದೆ. ಗೌಡರಿಗೆ ಗೊತ್ತಾದರೆ ಏನು ಗತಿ ಎಂದು ಹೆದರಿದ್ದು ನಿಜ. ಆದರೆ ಆರು ತುಂಬಿದ ಪ್ರತಿಯೊಬ್ಬ ಹುಡುಗಿ ಎಂದು ಕಾಗದದಲ್ಲಿತ್ತು. ಗೌಡರ ಮನೆಯವಳನ್ನು ಬಿಟ್ಟು ಎಂದು ಇರಲಿಲ್ಲ.

ಮಾರ್ಚಿಯಲ್ಲಿ ಡೆಪ್ಯುಟಿ ಸಾಹೇಬರು ಬಬಲೇಶ್ವರದವರೆಗೆ ಮೋಟಾರಿನಲ್ಲಿ, ಅಲ್ಲಿಂದ ಬಂಡಿಯಲ್ಲಿ ಬಂದರು. ಕೋಟು, ಕರಿ ಟೊಪ್ಪಿಗೆ, ಧೂಳು ತುಂಬಿದ ಮೀಸೆ. ಕೋಣೆ ಸಾಲದೆ ಕೆಲವರನ್ನು ಮೆಟ್ಟಿಲ ಮೇಲೆ ಕೂರಿಸಿದ್ದೆ. ಸಾಹೇಬರು ಅವರನ್ನು ದಾಟಿಕೊಂಡೇ ಒಳಗೆ ಬಂದು ಹಾಜರಿ ಪುಸ್ತಕ ತೆರೆದರು. ಜನವರಿಯ ಹಾಳೆ ನೋಡಿದರು, ಫೆಬ್ರವರಿಯದು ನೋಡಿದರು. ಮತ್ತೆ ಜನವರಿಗೆ ಹೋದರು.

"ಬಾಯಿಯವರ, ಸಂಕ್ರಾಂತಿಗೆ ಹತ್ತು ಮಂದಿ. ಫೆಬ್ರವರಿಯೊಳಗ ನಲವತ್ತರ ಹತ್ರ. ಇದು ಹ್ಯಾಂಗ?"

ಉತ್ತರ ಕೊಡಲು ಹೋದೆ. ಡಂಗುರ, ಮುಯ್ಯಿ, ತೊಟ್ಟಿಲು ಎಲ್ಲ ಒಟ್ಟಿಗೇ ಬಾಯಿಗೆ ಬಂದು ಒಂದೂ ಸರಿಯಾಗಿ ಹೊರಡಲಿಲ್ಲ. ಸಾಹೇಬರು ಕೈ ಎತ್ತಿ ತಡೆದರು.

"ನಾ ಇಂಥಾವು ಭಾಳ ನೋಡೇನಿ. ಒಂದೂರಾಗ ತಪಾಸಣಿ ದಿವಸ ಮಗ್ಗಲ ಊರಿನ ಹುಡುಗರ್ನ ಬಂಡಿ ಹೇರಿ ತಂದಿದ್ರು. ಇವು ಎಲ್ಲಾ ಈ ಊರಿನ ಹುಡುಗ್ಯಾರು ಅಂತ ನಾ ಹ್ಯಾಂಗ ನಂಬಲಿ? ಕಮಿಟಿ ಅಧ್ಯಕ್ಷರನ್ನ ಕರೀರಿ. ಅವರು ಹೌದಂದ್ರ ಹೌದು. ಇಲ್ಲಂದ್ರ ಈ ಪುಸ್ತಕಾ ನಾ ವಿಜಾಪುರಕ್ಕ ಒಯ್ಯತೇನಿ, ಶಾಲಿಗೆ ಬೀಗ ಹಾಕತೇನಿ."

ಗೌಡರು ನನ್ನೊಡನೆ ಮಾತು ಬಿಟ್ಟು ತಿಂಗಳಾಗಿತ್ತು. ಅವರ ಡಂಗುರವನ್ನು ಮೀರಿ ಮನೆಗೊಬ್ಬಳ ಬದಲು ಇಬ್ಬರು, ಮೂವರು ಬಂದು ಕೂತಿದ್ದರು. ಅದೂ ಸಾಲದೆ, ಎರಡನೆಯ ಸಾಲಿನಲ್ಲಿ ಅವರ ಮೊಮ್ಮಗಳೇ ಇದ್ದಳು.

ಹಣಮಂತ ಹೋಗಿ ಕರೆತಂದ. ಗೌಡರು ಬಾಗಿಲಲ್ಲಿ ನಿಂತರು. ರುಮಾಲು ಸರಿಮಾಡಿಕೊಂಡರು.

"ಏನಾತ್ರಿ ಸಾಹೇಬ್ರ?"

"ಇವು ಬಾಡಿಗಿ ಮಕ್ಕಳೇನು ಅಂತ ಕೇಳಾಕತ್ತೇನಿ ಗೌಡ್ರ."

ಗೌಡರ ಮುಖ ಕೆಂಪಾಯಿತು. ಮೂಗಿನ ಹೊಳ್ಳೆ ಅರಳಿತು.

"ಬಾಡಿಗಿ? ಎರಿಹಾಳದಾಗ ಬಾಡಿಗಿ ಮಕ್ಕಳು?"

ಅವರು ಪಾದರಕ್ಷೆ ಬಿಟ್ಟು ಒಳಗೆ ಬಂದು ಮೊದಲ ಸಾಲಿನಿಂದ ಶುರುಮಾಡಿದರು.

"ಈಕಿ ಲಕ್ಕವ್ವನ ಹಿರೇಕಿ, ಗುರುಬಾಯಿ. ಈಕಿ ಸಣ್ಣಾಕಿ, ಲಗಮವ್ವ. ಇವ್ರಪ್ಪ ಶಂಕ್ರೆಪ್ಪ ನನ್ನ ಹೊಲದ ಮಗ್ಗಲದಾಂವ. ಬದು ಒತ್ತತಾನ, ಅದು ಬ್ಯಾರೆ ಮಾತು. ಈ ಎರಡು ಚಾಂದಬೀವು, ರಾಜಬಿ, ಬಾನುಬಿ. ಇವ್ರಜ್ಜ ಗೈಬುಸಾಬ ನಮ್ಮಪ್ಪನ ಜೋಡಿ ಕುಸ್ತಿ ಹಿಡೀತಿದ್ದ. ಈ ಮುಂದಿನ ಹಲ್ಲು ಹ್ವಾದಾಕಿ ಶಿವಯೋಗೆಪ್ಪನ ಮಗಳು. ಆ ಹಲ್ಲು ಎಲ್ಲಿ ಹ್ವಾದವು ನಾ ಬಲ್ಲೆ, ನಮ್ಮ ಪ್ಯಾರಲ ಗಿಡದ ಮ್ಯಾಲಿಂದ ಬಿದ್ದು ಹ್ವಾದವು."

ಹುಡುಗಿಯರು ಬಾಯಿಗೆ ಕೈ ಒತ್ತಿಕೊಂಡು ನಕ್ಕರು. ಸಾಹೇಬರು ಒಂದೊಂದು ಹೆಸರನ್ನೂ ಪುಸ್ತಕದಲ್ಲಿ ನೋಡಿ ಗುರುತು ಹಾಕುತ್ತಿದ್ದರು. ಗೌಡರು ಎರಡನೆಯ ಸಾಲಿಗೆ ಬಂದರು.

"ಈಕಿ ಪರಸವ್ವ, ನಮ್ಮನಿ ಕೆಲಸದಾಕಿ ಮಗಳು. ಈಕಿ..."

ಅವರ ಬೆರಳು ಗಾಳಿಯಲ್ಲೇ ನಿಂತಿತು. ಅಕ್ಕನಾಗಮ್ಮ ತಲೆ ಎತ್ತಿ ಅಜ್ಜನನ್ನೇ ನೋಡಿದಳು.

"ಈಕಿ ಯಾರ್ರಿ ಗೌಡ್ರ? ಗೊತ್ತಿಲ್ಲೇನು?" ಎಂದರು ಸಾಹೇಬರು.

ಗೌಡರು ನನ್ನ ಕಡೆ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಎಲ್ಲಿಂದ ಬಂತೋ ಆ ಧೈರ್ಯ, ನನಗೆ ತಿಳಿಯದು.

"ಯಾಕ ಗೊತ್ತಿಲ್ಲ?" ಎಂದರು ಗೌಡರು. "ಈಕಿ ಅಕ್ಕನಾಗಮ್ಮ. ನನ್ನ ಮೊಮ್ಮಗಳು."

"ಅಜ್ಜ ಗುರುತು ಹಿಡಿಯಾಕ ಇಷ್ಟ ಹೊತ್ತು ತಗೊಂಡ್ರಲ್ಲ! ಓದು ನೋಡೂಣು ತಂಗೀ."

ಸಾಹೇಬರು ತಮ್ಮ ಚೀಲದಿಂದ ನಮ್ಮ ಶಾಲೆಯಲ್ಲಿ ಇಲ್ಲದ ಒಂದು ಪುಸ್ತಕ ತೆಗೆದು ಕೊಟ್ಟರು. ಅಕ್ಕನಾಗಮ್ಮ ಎದ್ದು ನಿಂತು ಓದತೊಡಗಿದಳು. ಎರಡು ಸಾಲು ನೆಟ್ಟಗೆ ಹೋಯಿತು. ಮೂರನೆಯದರಲ್ಲಿ ಒತ್ತಕ್ಷರಕ್ಕೆ ಎಡವಿದಳು. ಪಕ್ಕದಲ್ಲಿದ್ದ ಪರಸವ್ವ ಅದನ್ನು ಮೆಲ್ಲಗೆ ಹೇಳಿಕೊಟ್ಟಳು. ಎಲ್ಲರಿಗೂ ಕೇಳಿಸುವಷ್ಟು ಮೆಲ್ಲಗೆ. ಕೆಲಸದವಳ ಮಗಳು ಗೌಡರ ಮೊಮ್ಮಗಳನ್ನು ತಿದ್ದಿದ್ದಳು. ಗೌಡರು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

"ಮದಲ ಬಂದಾಕಿ ಮುಂದದಾಳ! ಬರೋಬ್ಬರಿ ಐತಿ. ಮುಂದ ಓದಬೇ, ನಿಂದ್ರಬ್ಯಾಡ."

ಅಕ್ಕನಾಗಮ್ಮ ಪುಟದ ತುದಿಯವರೆಗೂ ಓದಿದಳು. ಸಾಹೇಬರು ಗುರುಬಾಯಿಯನ್ನು ಹೊರಗೆ ಕಳಿಸಿ ಲಗಮವ್ವನನ್ನು ಕೇಳಿದರು, ಲಗಮವ್ವನನ್ನು ಕಳಿಸಿ ಗುರುಬಾಯಿಯನ್ನು ಕೇಳಿದರು. ಬಾನುಬಿಗೆ ಲೆಕ್ಕ ಕೊಟ್ಟರು, ರಾಜಬಿಯ ಕೈಯಲ್ಲಿ ಹಲಗೆಯ ಮೇಲೆ ಬರೆಸಿದರು. ಯಾರೂ ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿದರು.

"ಗೌಡ್ರ, ಇದು ಹ್ಯಾಂಗ ಆತು ಅಂತ ನೀವರೆ ಹೇಳ್ರಿ. ಬಾಯಿಯವರು ಹೇಳಾಕ ಹೋಗಿ ಹೇಳಲಿಲ್ಲ."

ಗೌಡರು ಮೀಸೆಯ ಮೇಲೆ ಕೈ ಎಳೆದುಕೊಂಡರು.

"ಇದರಾಗ ಹೇಳೂದೇನೈತ್ರಿ? ನಾ ಮನಿಗೊಂದು ಆಳು ಕೇಳಿದ್ದೆ. ನಮ್ಮ ಊರು ಇದ್ದಷ್ಟೂ ಕೊಟ್ಟೈತಿ."

ಸಾಹೇಬರು ಮೇಜಿನ ಮುಂದೆ ಕೂತು ತಪಾಸಣೆಯ ಶೆರಾ, ಅಂದರೆ ತಮ್ಮ ಅಭಿಪ್ರಾಯ, ಬರೆದರು, ನಿಧಾನವಾಗಿ. ಬರೆದು ಮುಗಿಸಿ ನನ್ನ ಕಡೆ ತಿರುಗಿದರು. ಶಾಲೆಯನ್ನು ಕಾಯಂ ಮಾಡಲು ಶಿಫಾರಸು ಮಾಡಿದ್ದೇನೆ ಎಂದರು. ಜೂನದಿಂದ ಇನ್ನೊಬ್ಬ ಶಿಕ್ಷಕಿ ಬೇಕೆಂದೂ ಬರೆದಿದ್ದೇನೆ ಎಂದರು.

"ಇನ್ನೊಬ್ಬ ಅಕ್ಕೋರು ಬಂದ್ರ ಇನ್ನೊಂದು ಕ್ವಾಣಿ ಬೇಕಲ್ರಿ," ಎಂದರು ಗೌಡರು. "ನಮ್ಮ ಕಾಳಿನ ಕ್ವಾಣಿ ಐತಿ. ಸುಣ್ಣಾ ಹಚ್ಚಿಸಿ ಕೊಡತೇನಿ. ನಮ್ಮ ಹುಡುಗಿ ಮೆಟ್ಟಿಲ ಮ್ಯಾಲೆ ಕುಂಡ್ರಬಾರದು."

"ಯಾವ ಹುಡುಗೀನೂ ಕುಂಡ್ರಬಾರದ್ರಿ ಗೌಡ್ರ," ಎಂದೆ. ಆ ಮಾತು ಸಾಹೇಬರ ಮುಂದೆ, ಗೌಡರ ಮುಂದೆ ನನ್ನ ಬಾಯಿಂದಲೇ ಬಂದಿತ್ತು.

"ಅದನ್ನ ಅಂದೆ ನಾನೂ," ಎಂದರು ಗೌಡರು.

ಸಾಹೇಬರ ಬಂಡಿ ಊರ ಅಗಸಿ ಬಾಗಿಲು ದಾಟುವುದೇ ತಡ, ಹುಡುಗಿಯರನ್ನು ಹಿಡಿಯುವವರೇ ಇರಲಿಲ್ಲ. ಗುರುಬಾಯಿ ಮುಂದೆ, ಉಳಿದವರೆಲ್ಲ ಹಿಂದೆ, ಹೊಲದ ದಾರಿ ಹಿಡಿದು ಓಡಿದರು. ನಾನು ಚಾವಡಿಯ ಬಾಗಿಲು ಮುಚ್ಚಬೇಕೆಂದುಕೊಂಡೆ, ಮುಚ್ಚಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ನಾನೂ ಓಡಿದೆ. ಚಿಕ್ಕವಳಿದ್ದಾಗ ಓಡಿದ್ದೆನೋ ಏನೋ; ಆಮೇಲೆ ಯಾರೂ ನೋಡುವಂತೆ ಓಡಿದವಳಲ್ಲ.

ಆ ದಿನ ಲಕ್ಕವ್ವನ ಹೊಲದಲ್ಲಿ ಮುಯ್ಯಿ. ಗದ್ದಲ ಕೇಳಿ ಹೆಂಗಸರು ಸಾಲಿನಲ್ಲಿ ಎದ್ದು ನಿಂತರು. "ಯವ್ವಾ, ಸಾಲಿ ಉಳೀತು! ನಮ್ಮ ಸಾಲಿ ಕಾಯಂ ಆತು!" ಎಂದು ಲಗಮವ್ವ ಬದುವಿನ ಮೇಲಿಂದಲೇ ಕೂಗಿದಳು. ಆ ಕೂಗನ್ನು ಪಕ್ಕದ ಹೊಲದವರು ಹಿಡಿದು ಅದರಾಚೆಯ ಹೊಲಕ್ಕೆ ಕೂಗಿದರು.

"ಅಯ್ ನೋಡ್ರಿಬೇ, ಅಕ್ಕೋರು ಓಡಾಕತ್ತಾರ!" ಎಂದು ಚಾಂದಬಿ ಬಿದ್ದು ಬಿದ್ದು ನಕ್ಕಳು.

ಲಕ್ಕವ್ವ ನಗಲಿಲ್ಲ. ಉಡಿಯಲ್ಲಿ ಮಧ್ಯಾಹ್ನದಿಂದ ಬಿಡಿಸಿ ತುಂಬಿದ್ದ ಹತ್ತಿಯನ್ನು ಎರಡೂ ಕೈಯಿಂದ ತೆಗೆದು ಹುಡುಗಿಯರ ತಲೆಯ ಮೇಲೆ ತೂರಿಬಿಟ್ಟಳು. ಎಣ್ಣೆ ಹಚ್ಚಿದ ಜಡೆಗಳಿಗೆಲ್ಲ ಹತ್ತಿ ಮೆತ್ತಿತು. ಉಳಿದ ಹೆಂಗಸರೂ ತೂರಿದರು. ನನ್ನ ತಲೆಯ ಮೇಲೂ ಬಿತ್ತು. ಅದನ್ನು ಮತ್ತೆ ಆರಿಸಲು ಸಂಜೆಯವರೆಗೆ ಕೆಲಸವಾಯಿತು. ನಾವೆಲ್ಲರೂ ಕೂತು ಆರಿಸಿದೆವು, ಹುಡುಗಿಯರೂ, ತಾಯಂದಿರೂ, ಅವರ ನಡುವೆ ನಾನೂ.